ನಡೆ, ನುಡಿ, ಹಟ: ಒಂದರಿಂದ ಮೂರು ವರ್ಷದ ಕೂಸಿನ ಬೆಳವಣಿಗೆಗೆ ಮನೆಯವರ ಮಾರ್ಗದರ್ಶಿ

ಕೂಸಿಗೆ ಒಂದು ವರ್ಷ ತುಂಬಿದ್ದೇ ತಡ, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ವಿಚಾರಣೆ ಶುರುವಾಗುತ್ತದೆ. "ಇನ್ನೂ ನಡಿಯೂದಿಲ್ಲೇನು?" "ಅವ್ವಾ ಅಂತದೇನು?" "ನಮ್ಮ ಮೊಮ್ಮಗಳು ಹತ್ತು ತಿಂಗಳಿಗೇ ಓಡ್ಯಾಡತಿದ್ಲು ನೋಡ್ರಿ." ಕೇಳುವವರದು ಕಾಳಜಿಯೇ, ಇಲ್ಲ ಅನ್ನೋದಿಲ್ಲ. ಆದರೆ ಆ ರಾತ್ರಿ ಕೂಸಿನ ತಾಯಿ ನಿದ್ದೆ ಬಿಟ್ಟು ಮೊಬೈಲಿನಲ್ಲಿ ಉತ್ತರ ಹುಡುಕುತ್ತಾ ಕೂರುತ್ತಾಳೆ.

ಸಹಜ ಅನ್ನೋದರ ಹರವು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಭಾರತವೂ ಸೇರಿ 5 ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಲೆಕ್ಕದ ಪ್ರಕಾರ, ಗಟ್ಟಿಮುಟ್ಟಾದ ಮಕ್ಕಳು ಆಸರೆಯಿಲ್ಲದೆ ನಡೆಯುವುದು 8 ತಿಂಗಳಿಂದ ಹಿಡಿದು 17 ತಿಂಗಳು ದಾಟುವವರೆಗೆ ಯಾವಾಗ ಬೇಕಾದರೂ ಆಗಬಹುದು. ನಡುವೆ ಎಷ್ಟು ಅಂತರ ಇದೆ ನೋಡಿ. ಹಾಗಂತ ಎಲ್ಲದಕ್ಕೂ "ತಾನಾ ಬರ್ತದ ಬಿಡ್ರಿ" ಅಂತ ಕೂರುವುದೂ ಸರಿಯಲ್ಲ. ಕೆಲವು ಗಡುವುಗಳು ಇವೆ. ಅವು ದಾಟಿದ ಮೇಲೆ ಒಂದು ತಿಂಗಳೂ ಕಾಯಬಾರದು.

ಆದ್ದರಿಂದ ನೀವು ಮಾಡಬೇಕಾದ್ದು ಎರಡು. ಪಕ್ಕದ ಮನೆಯ ಕೂಸನ್ನು ಬಿಟ್ಟು, ನಿಮ್ಮದೇ ಕೂಸು ಮೂರು ತಿಂಗಳ ಹಿಂದೆ ಹೇಗಿತ್ತು ಅನ್ನೋದರ ಜೊತೆ ಹೋಲಿಸಿ. ಗಡುವು ದಾಟಿದಾಗ ಯಾರ ಸಮಾಧಾನದ ಮಾತನ್ನೂ ಕೇಳದೆ ವೈದ್ಯರಿಗೆ ತೋರಿಸಿಕೊಂಡು ಬನ್ನಿ.

ಹಂತ 1: ತಾಯಿ ಕಾರ್ಡ್ ಹೊರಗೆ ತೆಗೆಯಿರಿ

ತಾಯಿ ಕಾರ್ಡ್ ಅಂದರೆ ಬಸುರಿದ್ದಾಗ ಕೊಡುವ ತಾಯಿ-ಮಗುವಿನ ಆರೋಗ್ಯದ ಕಾರ್ಡು. ರೇಷನ್ ಕಾರ್ಡು, ಆಧಾರ್ ನಡುವೆ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಬಹಳ ಮಂದಿ ಅದನ್ನು ಸೂಜಿ ಹಾಕಿಸುವ ದಿನ ಮಾತ್ರ ನೋಡುತ್ತಾರೆ. ಅದರೊಳಗೆ ತೂಕದ ಗೆರೆ ಎಳೆಯುವ ನಕ್ಷೆ ಇದೆ, ಯಾವ ವಯಸ್ಸಿಗೆ ಕೂಸು ಏನು ಮಾಡುತ್ತದೆ ಅನ್ನೋ ಚಿತ್ರಗಳೂ ಇವೆ.

ಮೊದಲು ವಯಸ್ಸಿನ ಲೆಕ್ಕ ಸರಿ ಮಾಡಿಕೊಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರೆ, ಎಷ್ಟು ಮುಂಚೆ ಹುಟ್ಟಿತೋ ಅಷ್ಟನ್ನು ಕಳೆಯಬೇಕು. ಎರಡು ತಿಂಗಳು ಮುಂಚೆ ಹುಟ್ಟಿ ಈಗ 14 ತಿಂಗಳಾಗಿದ್ದರೆ, ಬೆಳವಣಿಗೆ ನೋಡುವಾಗ 12 ಅಂತಲೇ ಹಿಡಿಯಿರಿ. ಎರಡು ವರ್ಷದವರೆಗೆ ಈ ಲೆಕ್ಕ ಇಟ್ಟುಕೊಂಡರೆ ಸಾಕು. ಸೂಜಿಗೆ ಮಾತ್ರ ಹುಟ್ಟಿದ ತಾರೀಖೇ.

ಇನ್ನು ತೂಕ. ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಹೆಚ್ಚುಕಡಿಮೆ ಮೂರು ಪಟ್ಟು ಆಗುವ ಕೂಸು, ಎರಡನೇ ವರ್ಷ ಪೂರ್ತಿ ಏರುವುದು 2ರಿಂದ 2.5 ಕೆಜಿ ಅಷ್ಟೇ. ಗಲ್ಲ ಇಳಿಯುತ್ತದೆ, ಕಾಲು ಉದ್ದ ಆಗುತ್ತವೆ. "ಕೂಸು ಸೊರಗೇತಿ, ಏನೂ ತಿನ್ನಸವಲ್ಲಿ ನೀ" ಅಂತ ಅತ್ತೆ ಗದರಿಸುವುದು ಈ ಹೊತ್ತಿನಲ್ಲೇ. ನಕ್ಷೆಯಲ್ಲಿ ಗೆರೆ ನಿಧಾನಕ್ಕೆ ಮೇಲೇರುತ್ತಿದ್ದರೆ ಗಾಬರಿ ಬೇಡ. ಗೆರೆ ಎರಡು ಮೂರು ತಿಂಗಳಿಂದ ಅಡ್ಡಕ್ಕೇ ಹೋಗುತ್ತಿದ್ದರೆ, ಇಲ್ಲವೇ ಕೆಳಗೆ ಇಳಿದರೆ ತೋರಿಸಿ. ಅಂಗನವಾಡಿಯಲ್ಲಿ ತೋಳಿಗೆ ಸುತ್ತಿ ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. 12.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೂಸು ಸೊರಗಿದೆ, 11.5ಕ್ಕಿಂತ ಕಡಿಮೆ ಅಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕಾರ್ಡ್ ಕೈಯಲ್ಲಿ ಇರುವಾಗಲೇ ಇಷ್ಟನ್ನೂ ನೋಡಿಬಿಡಿ. 16ರಿಂದ 24 ತಿಂಗಳ ಒಳಗೆ ದಡಾರ-ರುಬೆಲ್ಲಾ ಎರಡನೇ ಸೂಜಿ, ಡಿಪಿಟಿ ಬೂಸ್ಟರ್, ಪೋಲಿಯೊ ಹನಿ ಆಗಿವೆಯಾ? ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹಾಕಿಸಿದ್ದೀರಾ? ಆಶಾ ಅಕ್ಕ ಕೊಟ್ಟ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್, ನಿಜವಾಗಿಯೂ ಹೊಟ್ಟೆಗೆ ಹೋಗುತ್ತಿದೆಯಾ, ಫ್ರಿಡ್ಜ್ ಮೇಲೆ ಕೂತಿದೆಯಾ? ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳದ ಗುಳಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ, ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು.

ಹಂತ 2: ಒಂದು ವಾರ ಸುಮ್ನೆ ನೋಡಿ

ಕಲಿಸೋಕೆ ಹೋಗಬೇಡಿ. ಒಂದು ಹಳೆ ನೋಟ್‌ಬುಕ್ ತಗೊಂಡು ಕೂಸು ತಾನಾಗಿ ಏನು ಮಾಡುತ್ತದೆ ಅಂತ ರಾತ್ರಿ ಎರಡು ಸಾಲು ಬರೆಯಿರಿ. ಅಜ್ಜಿ, ಕೆಲಸದ ಅಕ್ಕ, ಅಪ್ಪ, ಯಾರು ಜಾಸ್ತಿ ಹೊತ್ತು ಕೂಸಿನ ಜೊತೆ ಇರುತ್ತಾರೋ ಅವರನ್ನೂ ಕೇಳಿ. ತಾಯಿ ನೋಡದ ಎಷ್ಟೋ ಸಂಗತಿ ಅಜ್ಜಿಗೆ ಗೊತ್ತಿರುತ್ತವೆ.

ಸುಮಾರು 15 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವಾಗಿ ಒಂದೆರಡು ಹೆಜ್ಜೆ ಹಾಕಿರುತ್ತವೆ, ಬೇಕಾದ್ದನ್ನು ಬೊಟ್ಟು ಮಾಡಿ ಕೇಳುತ್ತವೆ, ಇಷ್ಟದ ಸಾಮಾನು ತಂದು ತೋರಿಸುತ್ತವೆ. 18 ತಿಂಗಳಿಗೆ ಹಿಡಿದುಕೊಳ್ಳದೆ ನಡೆಯುತ್ತವೆ. ಅವ್ವ, ಅಪ್ಪ ಬಿಟ್ಟು ಇನ್ನೂ ಮೂರಾದರೂ ಮಾತು ಆಡಲು ನೋಡುತ್ತವೆ. ಸನ್ನೆ ಇಲ್ಲದೆ "ಚೆಂಡು ತಾ" ಅಂದರೆ ತರುತ್ತವೆ. ನೀವು ಕಸ ಗುಡಿಸಿದರೆ ತಾವೂ ಪೊರಕೆ ಹಿಡಿಯುತ್ತವೆ. ಎರಡು ವರ್ಷಕ್ಕೆ ಓಡುತ್ತವೆ, ಚೆಂಡು ಒದೆಯುತ್ತವೆ, ಚಮಚ ಹಿಡಿದು ತಿನ್ನುತ್ತವೆ (ಅರ್ಧ ನೆಲಕ್ಕೆ ಬೀಳುತ್ತದೆ, ಬೀಳಲಿ), "ಹಾಲು ಬೇಕ", "ಅಜ್ಜಾ ಬಾ" ಅಂತ ಎರಡು ಮಾತು ಜೋಡಿಸುತ್ತವೆ. ಎರಡೂವರೆಗೆ ಮಾತಿನ ಗಂಟು 50ರ ಹತ್ತಿರ ಬರುತ್ತದೆ. ಮೂರಕ್ಕೆ ಒಂದು ಮಾತಿಗೆ ಒಂದು ಮಾತು ಅಂತ ಸಣ್ಣ ಹರಟೆಯೇ ಸಾಧ್ಯ. ಯಾಕ, ಎಲ್ಲಿ, ಯಾರು ಅಂತ ಪ್ರಾಣ ತಿನ್ನುತ್ತವೆ. ನೀವು ಬರೆದು ತೋರಿಸಿದರೆ ಗುಂಡನೆಯ ಗೆರೆ ಎಳೆಯುತ್ತವೆ.

ಇದನ್ನು ಅಂಕಪಟ್ಟಿಯ ಹಾಗೆ ಓದಬೇಡಿ. ಒಂದು ವಿಷಯದಲ್ಲಿ ಒಂದು ತಿಂಗಳು ಹಿಂದೆ ಇದ್ದು ಬೇರೆಲ್ಲದರಲ್ಲಿ ಚುರುಕಾಗಿರುವ ಕೂಸು ಬಹಳ. ನಡೆಯೋದು ಕಲಿಯುವ ವಾರಗಳಲ್ಲಿ ಮಾತು ನಿಂತಂತೆ ಕಾಣುವುದೂ ಉಂಟು.

ಹಂತ 3: ಮಾತಿಗಿಂತ ಮೊದಲು ಬೊಟ್ಟು ನೋಡಿ

ಎಲ್ಲರೂ ಮಾತು ಎಣಿಸುತ್ತಾರೆ. ನಾನು ಮೊದಲು ನೋಡುವುದು ತೋರುಬೆರಳು. ಬಾಗಿಲಲ್ಲಿ ನಿಂತ ಕೂಸು ಚಿಗರಿ ಬಸ್ಸು ಕಂಡ ಕೂಡಲೇ ಬೆರಳು ಚಾಚಿ, ತಿರುಗಿ ನಿಮ್ಮ ಮುಖ ನೋಡುತ್ತದಲ್ಲ, ಆ ಗಳಿಗೆ ದೊಡ್ಡದು. ಅದಕ್ಕೆ ಬಸ್ಸು ಬೇಕಾಗಿಲ್ಲ. "ನಾ ನೋಡಿದ್ದು ನೀನೂ ನೋಡು" ಅಂತ ಹೇಳುತ್ತಿದೆ. ಮಾತು ಹುಟ್ಟುವುದು ಅಲ್ಲಿಂದ. ಬೇಕಾದ್ದಕ್ಕೆ ನಿಮ್ಮ ಕೈ ಹಿಡಿದು ಎಳೆದೊಯ್ಯುವುದು ಬೇರೆ, ಸುಮ್ನೆ ತೋರಿಸಿ ಖುಷಿ ಪಡುವುದು ಬೇರೆ. ಎರಡನೆಯದು 18 ತಿಂಗಳಾದರೂ ಬರದಿದ್ದರೆ, ಆ ಕೂಸು ಮೊಬೈಲ್ ನೋಡಿ ಎಬಿಸಿಡಿ ಪೂರ್ತಿ ಹೇಳಿದರೂ, ತೋರಿಸಲೇಬೇಕು.

ಕೂಸು ಬೊಟ್ಟು ಮಾಡಿದಾಗ ನೀವು ಮಾಡಬೇಕಾದ್ದು ಹೀಗೆ. ಅದು ನೋಡುತ್ತಿರುವುದನ್ನೇ ನೋಡಿ. ಹೆಸರು ಹೇಳಿ: "ಬಸ್ಸು!" ಆಮೇಲೆ ಬಾಯಿ ಮುಚ್ಚಿ ಕಾಯಿರಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಈ ಕಾಯುವುದೇ ನಮಗೆ ಕಷ್ಟ. ಮನೆ ತುಂಬ ಮಂದಿ ಇದ್ದಾಗ ಕೂಸಿನ ಬದಲು ನಾಲ್ಕು ಜನ ಉತ್ತರ ಕೊಡುತ್ತಾರೆ. ಕಾದರೆ ಕೂಸು "ಬಚ್ಚು" ಅನ್ನಬಹುದು, ಇಲ್ಲವೇ "ಬ" ಅಂದು ಕೈ ಬೀಸಬಹುದು. ತಿದ್ದಬೇಡಿ. "ಹೌದು, ಹಸಿರು ಬಸ್ಸು ಹೋತು" ಅಂತ ಒಂದು ಮಾತು ಕೂಡಿಸಿ ತಿರುಗಿ ಕೊಡಿ. ಕೂಸಿನದು ಒಂದು ಮಾತಾದರೆ ನಿಮ್ಮದು ಎರಡು ಮೂರು, ಅದಕ್ಕಿಂತ ಜಾಸ್ತಿ ಬೇಡ.

"ಹೇಳು, ಹೇಳು, ಅಜ್ಜಾ ಅನ್ನು, ಮಾಮಾಗ ನಮಸ್ಕಾರ ಮಾಡು" ಅನ್ನೋದು ಮಾತು ಕಲಿಸುವುದಲ್ಲ, ಪರೀಕ್ಷೆ. ಬಂದ ನೆಂಟರ ಮುಂದೆ ಅಂತೂ ಬೇಡವೇ ಬೇಡ. ಅದರ ಬದಲು ದಿನದ ಕೆಲಸಕ್ಕೆ ಮಾತು ಹಚ್ಚಿ. ಎರೆಯುವಾಗ "ತಲಿಗೆ ನೀರು, ಬೆನ್ನಿಗೆ ನೀರು, ಕಾಲಿಗೆ ನೀರು." ಬಟ್ಟೆ ಮಡಚುವಾಗ "ಅಪ್ಪಂದು, ಅವ್ವಂದು, ಪುಟ್ಟಂದು." ದಿನಾ ಅದೇ ಮಾತು, ಅದೇ ಧಾಟಿ. ನಿಮಗೆ ಬೇಸರ ಬಂದಿರುತ್ತದೆ, ಕೂಸಿಗೆ ಅದೇ ಬೇಕು. ಅಜ್ಜಿಯ ಜೋಗುಳ, ಬೆರಳು ಮಡಚುತ್ತಾ ಹೇಳುವ ಶಿಶುಪ್ರಾಸ, ಚಪ್ಪಾಳೆ ಹಾಡು, ಎಲ್ಲ ಇದೇ ಕೆಲಸ ಮಾಡುತ್ತವೆ. ಕೊನೆಯ ಪದ ನುಂಗಿ ನಿಲ್ಲಿಸಿ ನೋಡಿ, ಕೂಸು ತುಂಬುತ್ತದೆ.

ಭಾಷೆಯ ಬಗ್ಗೆ ಹುಬ್ಬಳ್ಳಿಯಲ್ಲಿ ಒಂದು ತಪ್ಪು ಹೆದರಿಕೆ ಇದೆ. ಒಂದೇ ವಠಾರದಲ್ಲಿ ಕನ್ನಡ, ಉರ್ದು, ಮರಾಠಿ, ಕೊಂಕಣಿ ಕೇಳುವ ಊರು ಇದು. ತಾಯಿ ಮರಾಠಿ, ತಂದೆ ಕನ್ನಡ ಆಡಿದರೆ ಕೂಸು ಗೊಂದಲವಾಗಿ ಮೂಕಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೇನೂ ಇಲ್ಲ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎಣಿಸುವಾಗ ಎರಡರದ್ದೂ ಕೂಡಿಸಿ ಎಣಿಸಬೇಕು, ಅಷ್ಟೇ. ಶಾಲೆಗೆ ಅನುಕೂಲ ಅಂತ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅನ್ನುವುದಕ್ಕಿಂತ, ನಿಮಗೆ ಸಲೀಸಾದ ಭಾಷೆಯಲ್ಲಿ ಮನತುಂಬಿ ಮಾತಾಡಿ.

ಮೊಬೈಲ್ ಮತ್ತು ಟಿವಿ. ಎರಡು ವರ್ಷದೊಳಗೆ ಪರದೆ ಬೇಡ, ವಿಡಿಯೊ ಕರೆ ಬಿಟ್ಟು, ಅಂತ ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿ ಕೂತಾಗ. ಹಾವೇರಿಯ ಹಳ್ಳಿಯಲ್ಲಿರುವ ಅಜ್ಜನ ಜೊತೆ ವಿಡಿಯೊ ಕರೆ ಮಾಡಿ, ಅಡ್ಡಿಯಿಲ್ಲ. ಅಜ್ಜ ಕರೆಗೆ ಓಗೊಡುತ್ತಾರೆ, ಕಾರ್ಟೂನ್ ಓಗೊಡುವುದಿಲ್ಲ. ಸಂಜೆ ಧಾರಾವಾಹಿಯ ಹೊತ್ತಿನ ಸಂಗತಿ ಇನ್ನೊಂದು. ಕೂಸು ಟಿವಿ ನೋಡದೆ ಆಡಿಕೊಂಡಿದ್ದರೂ, ಟಿವಿ ಹಚ್ಚಿದ ಮನೆಯಲ್ಲಿ ದೊಡ್ಡವರು ಕೂಸಿನ ಜೊತೆ ಆಡುವ ಮಾತೇ ಕಡಿಮೆಯಾಗುತ್ತದೆ. ಅತ್ತೆಯ ಧಾರಾವಾಹಿ ಬಿಡಿಸಲು ಹೋಗಿ ಜಗಳ ಮಾಡಿಕೊಳ್ಳಿ ಅನ್ನುತ್ತಿಲ್ಲ. ಆ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಕಟ್ಟೆಗೆ ಹೋಗಿ ಕೂತರೂ ಆಯಿತು.

ಹಂತ 4: ನೆಲಕ್ಕೆ ಬಿಡಿ

ಕಾಲಿನ ವಿಷಯದಲ್ಲಿ ನಾವು ಮಾಡಬೇಕಾದ್ದು ಕಡಿಮೆ, ಬಿಡಬೇಕಾದ್ದೇ ಜಾಸ್ತಿ. ಚಕ್ರದ ವಾಕರ್ ಕೊಳ್ಳಬೇಡಿ. ಅದರಲ್ಲಿ ಕೂತ ಕೂಸು ಕಾಲ್ಬೆರಳ ತುದಿಯಲ್ಲಿ ನೂಕುತ್ತದೆ, ನಡೆಯುವುದು ಬೇಗ ಬರುವುದಿಲ್ಲ. ಹೊಸ್ತಿಲು ಎಡವಿ ಮೆಟ್ಟಿಲಿಂದ ಉರುಳಿದ್ದೂ ಬಹಳ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ನಮ್ಮ ಹಳೆಯ ಕಟ್ಟಿಗೆಯ ಮೂರು ಗಾಲಿ ಗಾಡಿ ವಾಸಿ. ಕೂಸು ಈಗಾಗಲೇ ಎದ್ದು ನಿಲ್ಲುತ್ತಿದ್ದರೆ ಅದನ್ನು ಹಿಡಿದು ತಾನೇ ಹೆಜ್ಜೆ ಇಡುತ್ತದೆ, ನೀವು ಹಿಂದೆ ಇದ್ದರೆ ಸಾಕು. ಮನೆಯೊಳಗೆ ಬರಿಗಾಲೇ ಒಳ್ಳೆಯದು. ಎರಡು ವರ್ಷದವರೆಗೆ ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿರುವುದು, ಪಾದ ಚಪ್ಪಟೆ ಕಾಣುವುದು ಸಹಜ.

ದಿನದಲ್ಲಿ ಮೂರು ಗಂಟೆಯಾದರೂ ಓಡಾಟ ಬೇಕು. ಒಂದೇ ಸಲ ಅಲ್ಲ, ಬಿಡಿಬಿಡಿಯಾಗಿ. ಉಣಕಲ್ ಕೆರೆಯ ದಂಡೆ, ಸಾಧನಕೇರಿ, ಗಾಜಿನ ಮನೆಯ ತೋಟ, ಏನೂ ಇಲ್ಲದಿದ್ದರೆ ಮಾಳಿಗೆ, ಎಲ್ಲವೂ ನಡೆಯುತ್ತದೆ. ಕೂಸು ಹತ್ತು ಹೆಜ್ಜೆಗೆ ಒಮ್ಮೆ ಕೂತು ಇರುವೆ ನೋಡಿದರೆ ಎಳೆಯಬೇಡಿ.

ಕೈಗೆ ಕೆಲಸ ಬೇಕು ಅಂದರೆ ಆಟಿಕೆ ಅಂಗಡಿಗಿಂತ ಅಡುಗೆಮನೆ ಮೇಲು. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕೂಡಲೇ ಹುಡುಗ ಓಡಿ ಬರುತ್ತಾನೆ. ಅವನ ಆಯಿ (ಅಜ್ಜಿ) ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಚಿವುಟಿ, ತಾಟು ಬೋರಲು ಹಾಕಿ, ಒಲೆಯಿಂದ ನಾಲ್ಕು ಮಾರು ದೂರ ಕೂರಿಸುತ್ತಾರೆ. ಅವನು ಮೊದಲು ಅಂಗೈಯಿಂದ ಬಡಿಯುತ್ತಾನೆ. ಆಮೇಲೆ ಒಂದು ಬೆರಳು ಚುಚ್ಚಿ ತೂತು ಮಾಡುತ್ತಾನೆ. ತೂತಿನಲ್ಲಿ ಕಣ್ಣಿಟ್ಟು ಆಯಿಯನ್ನು ನೋಡುತ್ತಾನೆ. ಒಣ ಹಿಟ್ಟು ಉದುರಿಸುತ್ತಾನೆ, ಊದುತ್ತಾನೆ, ಮೂಗಿಗೆ ಹೋಗಿ ಸೀನುತ್ತಾನೆ. ಜೋಳದ ಹಿಟ್ಟು ಬಿರುಕು ಬಿಡುತ್ತದೆ, ಕೂಡಿಸಲು ಎರಡೂ ಕೈ ಬೇಕು. ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಇದೇ ಸಾಧನೆ. ಮಣ್ಣೆತ್ತಿನ ಅಮವಾಸ್ಯೆ ಬಂದಾಗ ಒಂದು ಮುದ್ದೆ ಮಣ್ಣು ಕೂಸಿಗೂ ಕೊಡಿ. ಎತ್ತು ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಬಾಯಿಗೆ ಹಾಕದಂತೆ ನೋಡಿಕೊಂಡು, ಆಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ಡಬ್ಬಿಗೆ ಮುಚ್ಚಳ ಹಾಕುವುದು, ಬಟಾಟೆ ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕುವುದು, ಮೆಂತ್ಯ ಪಲ್ಲೆ ಬಿಡಿಸುವುದು, ಎಲ್ಲ ಈ ವಯಸ್ಸಿಗೆ ಹೊಂದುವ ಕೆಲಸ. ಒಂದು ಮಾತ್ರ ನೆನಪಿಡಿ. ಒಂದೂವರೆ ವರ್ಷದೊಳಗೆ ಕೂಸು ಎಲ್ಲದಕ್ಕೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟಿದ್ದರೆ, "ಎಡಚ ಇರಬೇಕು" ಅಂತ ಬಿಡಬೇಡಿ. ಆ ಇನ್ನೊಂದು ಕೈಯ ಬಲ ಪರೀಕ್ಷೆ ಮಾಡಿಸಬೇಕು.

ಹಂತ 5: ಊಟ ನಿಮ್ಮದು, ಎಷ್ಟು ಅನ್ನೋದು ಕೂಸಿನದು

ವರ್ಷ ದಾಟಿದ ಮೇಲೆ ಬೆಳೆಯುವ ವೇಗ ಇಳಿಯುತ್ತದೆ, ಹಸಿವೂ ಇಳಿಯುತ್ತದೆ. ಗಂಗಾಳ ಹಿಡಿದು ಮನೆ ತುಂಬ ಅದರ ಹಿಂದೆ ಓಡುವುದು, ಮೊಬೈಲ್ ತೋರಿಸಿ ಬಾಯಿಗೆ ತುರುಕುವುದು ಶುರುವಾಗುವುದು ಆಗ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂತು, ಇದು ನಿಮ್ಮ ಕೈಯಲ್ಲಿ ಇರಲಿ. ಎಷ್ಟು ತಿನ್ನಬೇಕು ಅನ್ನೋದನ್ನು ಕೂಸಿಗೆ ಬಿಡಿ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಏನಾದರೂ ಸಣ್ಣದು. ಮಿಕ್ಕ ಹೊತ್ತು ನೀರು ಬಿಟ್ಟು ಏನೂ ಬೇಡ. ತಾಯಿಹಾಲು ಎರಡು ವರ್ಷ ಮತ್ತು ಅದರಾಚೆಗೂ ನಡೆಯಬಹುದು.

ನಮ್ಮ ಕಡೆಯ ಅಡುಗೆ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು. ಜೋಳದ ನುಚ್ಚು ಮಜ್ಜಿಗೆ ಹಾಕಿ ಕಿವಿಚಿದ್ದು. ಬಿಸಿ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ನೆನೆಸಿದ್ದು. ಹೆಸರುಬೇಳೆ ಕಿಚಡಿ ಮೇಲೆ ಒಂದು ಚಮಚ ತುಪ್ಪ. ಮೆತ್ತಗೆ ಬೆಂದ ಮೆಂತ್ಯ, ರಾಜಗಿರಿ ಪಲ್ಲೆ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ಖಾರ ಹಾಕುವ ಮೊದಲೇ ಕೂಸಿನ ಪಾಲು ತೆಗೆದಿಟ್ಟುಕೊಂಡರೆ ಬೇರೆ ಅಡುಗೆ ಮಾಡುವ ತಾಪತ್ರಯ ಇಲ್ಲ. ಹೊಸ ತರಕಾರಿಯನ್ನು ಒಮ್ಮೆ ಉಗುಳಿತು ಅಂತ ಕೈಬಿಡಬೇಡಿ. ಹತ್ತು ಹದಿನೈದು ಸಲ ಮುಂದಿಟ್ಟ ಮೇಲೆ ತಿನ್ನುವ ಮಕ್ಕಳು ಬೇಕಾದಷ್ಟು. ಅಂಗನವಾಡಿಯಿಂದ ಮನೆಗೆ ಕೊಡುವ ಹಿಟ್ಟನ್ನು ದನಕ್ಕೆ ಹಾಕುವವರನ್ನು ನೋಡಿದ್ದೇನೆ. ಹುರಿದು ಹಾಲಲ್ಲಿ ಕುದಿಸಿ ಕೊಟ್ಟು ನೋಡಿ, ಆಮೇಲೆ ದನದ ಮಾತು.

ಬೇಡದ್ದರಲ್ಲಿ ಮೊದಲನೆಯದು ಚಹಾ. ಬಸಿಯಲ್ಲಿ ಆರಿಸಿ, ಬಟರ್ ಬಿಸ್ಕಿಟ್ ಅದ್ದಿ, "ಒಂದ ಗುಟುಕು ಕುಡೀಲಿ ಬಿಡು" ಅಂತ ಅಜ್ಜ ಕೊಡುತ್ತಾರೆ. ಚಹಾ ಊಟದಲ್ಲಿನ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಕಬ್ಬಿಣ ಕಡಿಮೆಯಾದ ಕೂಸು ಮಂಕಾಗುತ್ತದೆ, ಕಿರಿಕಿರಿ ಮಾಡುತ್ತದೆ, ಮಣ್ಣು ಸುಣ್ಣ ತಿನ್ನುತ್ತದೆ, ಕಲಿಕೆಯಲ್ಲೂ ಹಿಂದೆ ಬೀಳುತ್ತದೆ. ಎರಡನೆಯದು ಅತಿಯಾದ ಹಾಲು. ದಿನಕ್ಕೆ ಅರ್ಧ ಲೀಟರ್ ಮೀರಿದರೆ ಹೊಟ್ಟೆ ತುಂಬಿ ಊಟ ಸೇರುವುದಿಲ್ಲ, ಅಲ್ಲೂ ಪೆಟ್ಟು ಬೀಳುವುದು ಕಬ್ಬಿಣಕ್ಕೇ. ಬೇಳೆ, ಸೊಪ್ಪಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಮೂರನೆಯದು ಸಿಹಿ. ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಹಾಕಿದ್ದು ಆದಷ್ಟು ಬೇಡ. ಧಾರವಾಡದಲ್ಲಿ ಕೂತು ಕೂಸಿಗೆ ಪೇಡೆ ಬೇಡ ಅಂದರೆ ನನ್ನನ್ನು ಊರಿಂದ ಹೊರಗೆ ಹಾಕುತ್ತಾರೇನೋ. ಹಬ್ಬಕ್ಕೆ ಒಂದು ಚೂರು ಸರಿ, ದಿನಾ ಬೇಡ.

ಶೇಂಗಾ ವಿಷಯ ಬೇರೆಯಾಗಿಯೇ ಹೇಳಬೇಕು. ಪುಡಿ ಮಾಡಿದ ಶೇಂಗಾ ಚಟ್ನಿ, ನುಣ್ಣಗೆ ಅರೆದದ್ದು, ಬಹಳ ಒಳ್ಳೆಯದು. ಇಡೀ ಕಾಳು ಮಾತ್ರ ನಾಲ್ಕೈದು ವರ್ಷದವರೆಗೆ ಕೊಡಲೇಬೇಡಿ. ಪುಟಾಣಿ (ಹುರಿಗಡಲೆ), ಇಡೀ ದ್ರಾಕ್ಷಿ, ಪಂಚಮಿಯ ಗಟ್ಟಿ ಉಂಡಿ, ಕರದಂಟಿನ ಚೂರು, ಎಲ್ಲ ಗಂಟಲಲ್ಲಿ ಸಿಕ್ಕುವಂಥವು. ಸಿಕ್ಕಿಕೊಂಡ ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ಅಳಲೂ ಆಗದೆ ಬಾಯಿ ಬಿಟ್ಟರೆ, ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಸಲ ಗುದ್ದಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಒಂದಾದ ಮೇಲೆ ಒಂದು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ಹಾಕಬೇಡಿ. ಇದು ವರ್ಷ ದಾಟಿದ ಮಕ್ಕಳಿಗೆ ಹೇಳಿದ್ದು. ವರ್ಷದೊಳಗಿನ ಕೂಸಿನ ಹೊಟ್ಟೆ ಒತ್ತಬಾರದು.

ಹಂತ 6: ಹಟ ಬಂದಾಗ

ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಸಂಜೆ ಗದ್ದಲ. ಎರಡು ವರ್ಷದ ಹುಡುಗಿ ಬಲೂನು ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಸುತ್ತ ಹತ್ತು ಜನ. ತಾಯಿಗೆ ನಾಚಿಕೆ, ಸಿಟ್ಟು. ಇಂಥ ಹೊತ್ತಿಗೆ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದರೆ ಕೈ ಎತ್ತುವುದು ತಪ್ಪುತ್ತದೆ.

ಒಂದೂವರೆಯಿಂದ ಮೂರು ವರ್ಷದವರೆಗೆ ಹಟ ಸಹಜ. ಆಸೆ ದೊಡ್ಡದಾಗಿದೆ, ಹೇಳಲು ಮಾತು ಸಾಲದು, ತಡೆದುಕೊಳ್ಳುವ ಶಕ್ತಿ ಮಿದುಳಿನಲ್ಲಿ ಇನ್ನೂ ಬಲಿತಿಲ್ಲ. ನಿಮ್ಮನ್ನು ಸೋಲಿಸಬೇಕು ಅಂತ ಅದು ಯೋಜನೆ ಹಾಕಿಲ್ಲ.

ಮೊದಲು ಗಾಡಿ, ಮೆಟ್ಟಿಲು, ಕಲ್ಲಿನಿಂದ ದೂರ ಎತ್ತಿ ತನ್ನಿ. ಕೆಳಗೆ ಕೂತು ಅದರ ಕಣ್ಣಿನ ಮಟ್ಟಕ್ಕೆ ಬನ್ನಿ. "ಬಲೂನು ಬೇಕಾಗಿತ್ತು. ಸಿಟ್ಟು ಬಂದೇತಿ." ಇಷ್ಟೇ ಮಾತು. ಅಳುವ ಕೂಸಿಗೆ ಬುದ್ಧಿವಾದ ಕಿವಿಗೆ ಬೀಳುವುದಿಲ್ಲ. ಆಮೇಲೆ ಸುಮ್ಮನಿರಿ. ಮುಟ್ಟಿಸಿಕೊಂಡರೆ ತಬ್ಬಿ, ಇಲ್ಲದಿದ್ದರೆ ಪಕ್ಕದಲ್ಲೇ ಇರಿ. ಇಲ್ಲ ಅಂದದ್ದು ಇಲ್ಲವೇ ಇರಲಿ. ಐದು ನಿಮಿಷ ಅತ್ತ ಮೇಲೆ ಕೊಡಿಸಿದರೆ, ಮುಂದಿನ ಸಲ ಐದು ನಿಮಿಷ ಅಳಬೇಕು ಅಂತ ಕಲಿಯುತ್ತದೆ. ಕೊಡಿಸುವ ಮನಸ್ಸಿದ್ದರೆ ಅಳುವ ಮೊದಲೇ ಕೊಡಿಸಿಬಿಡಿ, ಅದರಲ್ಲಿ ತಪ್ಪಿಲ್ಲ. ಅಳು ನಿಂತ ಮೇಲೆ ಹಳೆಯದನ್ನು ಕೆದಕದೆ ನೀರು ಕುಡಿಸಿ ಮುಂದೆ ಹೋಗಿ.

ಹಟ ಬರದಂತೆ ಮಾಡುವುದು ಇನ್ನೂ ಸುಲಭ. ಹಸಿದ, ನಿದ್ದೆ ಬಂದ ಕೂಸನ್ನು ಪೇಟೆಗೆ ಒಯ್ಯಬೇಡಿ. ಆಟ ಬಿಡಿಸುವ ಮೊದಲು "ಇನ್ನೆರಡ ಸಲ ಜಾರಿ, ಮನಿಗೆ ಹೋಗೂಣು" ಅಂತ ಹೇಳಿ. "ಅಂಗಿ ಹಾಕ್ಕೋತಿಯಾ?" ಅಂದರೆ ಬ್ಯಾಡ ಅನ್ನುತ್ತದೆ. "ಕೆಂಪು ಅಂಗಿ ಹಾಕೋದಾ, ನೀಲಿ ಹಾಕೋದಾ?" ಅಂದರೆ ಯೋಚನೆಗೆ ಬೀಳುತ್ತದೆ.

ಕೂಡು ಕುಟುಂಬದಲ್ಲಿ ನಿಜವಾದ ತೊಡಕು ಕೂಸಿನದಲ್ಲ. ಅವ್ವ ಬೇಡ ಅಂದದ್ದನ್ನು ಅಜ್ಜ ಹಿಂದಿನಿಂದ ಕೊಡುತ್ತಾರೆ. ಎಲ್ಲದಕ್ಕೂ ನಿಯಮ ಮಾಡಲು ಹೋದರೆ ಮನೆಯೇ ರಣರಂಗ. ಎರಡು ಮೂರು ವಿಷಯಕ್ಕೆ ಮಾತ್ರ ಎಲ್ಲರೂ ಒಪ್ಪಿಕೊಳ್ಳಿ: ಹೊಡೆಯಬಾರದು, ಊಟಕ್ಕೆ ಮೊಬೈಲ್ ಇಲ್ಲ, ರಸ್ತೆಯಲ್ಲಿ ಕೈ ಬಿಡಬಾರದು. ಮಿಕ್ಕಿದ್ದು ಅಜ್ಜನ ಮುದ್ದಿಗೆ ಇರಲಿ.

"ಗುಮ್ಮ ಬರ್ತಾನ", "ಪೊಲೀಸ್ ಹಿಡ್ಕೊಂಡ್ ಹೋಗ್ತಾನ", "ಡಾಕ್ಟರ್ ಇಂಜೆಕ್ಷನ್ ಮಾಡ್ತಾರ" ಅಂತ ಹೆದರಿಸುವುದು ಬೇಡ. ಮೂರನೆಯದಂತೂ ಸೂಜಿ ಹಾಕಿಸುವ ದಿನ ನಿಮಗೇ ತಿರುಗಿ ಬೀಳುತ್ತದೆ. ಕಚ್ಚುವುದು, ಎಲ್ಲವೂ "ನಂದು" ಅನ್ನುವುದು, ಜೊತೆಯ ಮಕ್ಕಳ ಪಕ್ಕದಲ್ಲೇ ಕೂತು ಬೇರೆ ಬೇರೆ ಆಡುವುದು, ಎಲ್ಲ ಎರಡು ವರ್ಷದ ವಯಸ್ಸಿನ ಲಕ್ಷಣ. ಹಂಚಿಕೊಳ್ಳುವ ಬುದ್ಧಿ ಮೂರು ದಾಟಿದ ಮೇಲೆ ನಿಧಾನಕ್ಕೆ ಬರುತ್ತದೆ.

ಹಂತ 7: ನಿದ್ದೆ, ಚಡ್ಡಿ

ಎರಡು ವರ್ಷದವರೆಗೆ ಹಗಲ ನಿದ್ದೆ ಸೇರಿ 11ರಿಂದ 14 ಗಂಟೆ, ಮೂರರ ಹೊತ್ತಿಗೆ 10ರಿಂದ 13. ರಾತ್ರಿ ಒಂದೇ ಹೊತ್ತು, ಒಂದೇ ಕ್ರಮ: ಕೈಕಾಲು ತೊಳೆದು, ಹಲ್ಲುಜ್ಜಿ, ದೀಪ ಸಣ್ಣ ಮಾಡಿ, ಒಂದು ಕತೆ. ಟೂತ್‌ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು.

ಚಡ್ಡಿ ಒದ್ದೆ ಮಾಡದೆ ಎರಡು ಗಂಟೆ ಇರುವುದು, ಆಗುವ ಮೊದಲು ಮೂಲೆಗೆ ಹೋಗುವುದು ಇಲ್ಲವೇ ಹೇಳುವುದು, ಚಡ್ಡಿ ತಾನೇ ಇಳಿಸಲು ನೋಡುವುದು, ಇವು ಕಂಡಾಗ ಶುರು ಮಾಡಿ. ಕೆಲವಕ್ಕೆ ಒಂದೂವರೆಗೆ, ಬಹಳಷ್ಟಕ್ಕೆ ಎರಡರ ನಂತರ. ಬೈದರೆ ಕೂಸು ತಡೆಹಿಡಿಯಲು ಕಲಿಯುತ್ತದೆ, ಮಲಬದ್ಧತೆ ಗಂಟು ಬೀಳುತ್ತದೆ. ರಾತ್ರಿ ಒದ್ದೆಯಾಗುವುದು ಇನ್ನೂ ವರ್ಷಗಟ್ಟಲೆ ನಡೆಯಬಹುದು.

ಹಂತ 8: ಬ್ಯಾರಲ್‌ಗೆ ಮುಚ್ಚಳ

ನಮ್ಮ ಅವಳಿ ನಗರದ ಬಹಳ ಓಣಿಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಬ್ಯಾರಲ್, ಹಂಡೆ, ಬಕೆಟ್, ನೆಲದ ಟ್ಯಾಂಕ್ ಎಲ್ಲ ತುಂಬಿಡುತ್ತೇವೆ. ನಡೆಯಲು ಕಲಿತ ಕೂಸಿಗೆ ಇದೇ ದೊಡ್ಡ ಅಪಾಯ. ಈ ವಯಸ್ಸಿನಲ್ಲಿ ತಲೆ ಭಾರ, ಬಗ್ಗಿ ನೋಡಿದರೆ ತಲೆಕೆಳಗಾಗಿ ಬೀಳುತ್ತದೆ, ಏಳಲು ಆಗುವುದಿಲ್ಲ. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ಸಾಕು, ಸಪ್ಪಳವೂ ಆಗುವುದಿಲ್ಲ. ಎಲ್ಲಕ್ಕೂ ಬಿಗಿ ಮುಚ್ಚಳ, ಟ್ಯಾಂಕಿಗೆ ಬೀಗ, ಬಳಸದ ಬಕೆಟ್ ಬೋರಲು, ಬಚ್ಚಲಿಗೆ ಕೂಸಿಗೆ ಎಟುಕದ ಚಿಲಕ. ನೀರು ಬಂದ ದಿನ ಕೂಸನ್ನು ನೋಡಿಕೊಳ್ಳುವುದು ಒಬ್ಬರದೇ ಕೆಲಸ ಅಂತ ಹೆಸರು ಹಿಡಿದು ಹೇಳಿ.

ಫಿನಾಯಿಲ್, ಆಸಿಡ್, ಸೀಮೆಎಣ್ಣೆ ತಂಪು ಪಾನೀಯದ ಬಾಟಲಿಯಲ್ಲಿ ಹಾಕಿಡಬೇಡಿ. ಬಿಸಿ ಚಹಾ, ಸಾರು ಚೆಲ್ಲಿಕೊಂಡರೆ 20 ನಿಮಿಷ ತಣ್ಣೀರು ಸುರಿಯಿರಿ. ಟೂತ್‌ಪೇಸ್ಟ್, ಅರಿಶಿಣ, ಬರ್ಫ (ಐಸ್) ಯಾವುದೂ ಬೇಡ.

ಹಂತ 9: ಯಾವಾಗ, ಎಲ್ಲಿಗೆ ಹೋಗಬೇಕು

ಇವುಗಳಲ್ಲಿ ಒಂದು ಕಂಡರೂ ಮುಂದಿನ ಹಬ್ಬ ಆಗಲಿ ಅಂತ ಕಾಯಬೇಡಿ. ವರ್ಷ ದಾಟಿದರೂ ಹೆಸರು ಕರೆದರೆ ತಿರುಗುವುದಿಲ್ಲ. 18 ತಿಂಗಳಾದರೂ ಆಸರೆಯಿಲ್ಲದೆ ನಡೆಯುವುದಿಲ್ಲ, ಬೊಟ್ಟು ಮಾಡಿ ತೋರಿಸುವುದಿಲ್ಲ, ಒಂದು ಮಾತೂ ಇಲ್ಲ. ಎರಡು ವರ್ಷಕ್ಕೆ ಎರಡು ಮಾತು ಜೋಡಿಸುವುದಿಲ್ಲ. ಎರಡು ದಾಟಿದರೂ ತುದಿಗಾಲಲ್ಲೇ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಬರುತ್ತಿದ್ದ ಮಾತು, ನಗು, ಕೈಕೆಲಸ ಹೋಗಿಬಿಟ್ಟಿದೆ. ಇದು ಯಾವ ವಯಸ್ಸಿನಲ್ಲೂ ತುರ್ತು.

"ಗಂಡು ಹುಡುಗ್ರು ತಡಾನ ಮಾತಾಡ್ತಾರ", "ಅವರಪ್ಪನೂ ಮೂರಕ್ಕೆ ಮಾತಾಡಿದ್ದು", "ಬಜಿ ಬೇರು ತೇಯ್ದು ನಾಲಿಗಿಗೆ ಹಚ್ಚ್ರಿ." ಎಲ್ಲ ಕೇಳಿ ತಲೆ ಆಡಿಸಿ, ಆದರೆ ಕಿವಿ ಪರೀಕ್ಷೆ ಮಾಡಿಸಿ. ಮಾತು ತಡವಾದ ಕೂಸಿಗೆ ಮೊದಲ ಪರೀಕ್ಷೆ ಕಿವಿಯದು. ಬಾಗಿಲು ಬಡಿದರೆ ತಿರುಗುತ್ತದೆ ಅಂದಮಾತ್ರಕ್ಕೆ ಮಾತಿನ ಸಣ್ಣ ಸ್ವರ ಕೇಳುತ್ತದೆ ಅಂತಲ್ಲ.

ಹಣ ಖರ್ಚು ಮಾಡದೆ ಶುರು ಮಾಡುವ ದಾರಿ ಅಂಗನವಾಡಿಯಿಂದಲೇ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡುತ್ತದೆ. ಬೆಳವಣಿಗೆಯ ತಡ, ಕಿವಿಯ ದೋಷ ಕಂಡರೆ ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತದೆ. ಯಾವಾಗ ಬರುತ್ತಾರೆ ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಕಿಮ್ಸ್ ಅಂತ ಕರೆಯುತ್ತಿದ್ದ ಸರ್ಕಾರಿ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಗದಗ, ಹಾವೇರಿಯವರು ತಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು. ವರ್ತನೆ, ಬುದ್ಧಿ ಬೆಳವಣಿಗೆಯ ಸಂಶಯಕ್ಕೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. "ಅಲ್ಲಿಗ್ಯಾಕ ಹೋಗೂದು, ಮಂದಿ ಏನಂದಾರು" ಅಂತ ಹಿಂಜರಿಯಬೇಡಿ. ಮಾತು-ಕಿವಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರವಾದರೂ ನಂಬಿಕೆಯ ಜಾಗ.

ಹೋಗುವಾಗ ತಾಯಿ ಕಾರ್ಡ್, ಆ ನೋಟ್‌ಬುಕ್, ಕೂಸು ಆಡುವ ಮಾತುಗಳ ಪಟ್ಟಿ ಒಯ್ಯಿರಿ. ಆಸ್ಪತ್ರೆಯಲ್ಲಿ ಕೂಸು ಹೆದರಿ ಅಂಟಿಕೊಂಡು ಏನೂ ಮಾಡುವುದಿಲ್ಲ. ಅದಕ್ಕೇ ಮನೆಯಲ್ಲಿ ಆಡುವಾಗ, ಕರೆದಾಗ, ಊಟ ಮಾಡುವಾಗ ಎರಡೆರಡು ನಿಮಿಷದ ವಿಡಿಯೊ ತೆಗೆದಿಟ್ಟುಕೊಂಡಿರಿ. ವೈದ್ಯರಿಗೆ ಅದರಿಂದ ಬಹಳ ತಿಳಿಯುತ್ತದೆ. ಕೂಸನ್ನು ದಿನವಿಡೀ ನೋಡಿಕೊಳ್ಳುವವರು ಅಜ್ಜಿಯಾದರೆ ಅವರನ್ನೂ ಕರೆದೊಯ್ಯಿರಿ. ಥೆರಪಿ ಹೇಳಿದರೆ ವಾರಕ್ಕೆ ಒಂದು ಗಂಟೆ ಅಲ್ಲಿ ಮಾಡುವುದಷ್ಟೇ ಸಾಲದು. ಮನೆಯಲ್ಲಿ ದಿನಾ ಏನು ಮಾಡಬೇಕು ಅಂತ ಕನ್ನಡದಲ್ಲಿ ಬರೆಸಿಕೊಂಡು, ಎದುರಿಗೇ ಒಮ್ಮೆ ಮಾಡಿ ತೋರಿಸಿ, ಮುಂದಿನ ತಾರೀಖು ಕೇಳಿಕೊಂಡೇ ಎದ್ದು ಬನ್ನಿ.